ನೆಲ ಒರೆಸಲು ಮನೆಯಲ್ಲೇ ಮಾಡಿದ ದ್ರಾವಣಗಳು: ಯಾವ ಲಾದಿಗೆ ಯಾವುದು?

ಮನೆಯಲ್ಲೇ ನೆಲ ಒರೆಸುವ ದ್ರಾವಣ ತಯಾರಿಸುವ ವಿಧಾನವನ್ನು ತಿಳಿಸುವವರೆಲ್ಲ ಏನನ್ನು ಎಷ್ಟು ಬೆರೆಸಬೇಕೆಂದು ವಿವರಿಸುತ್ತಾರೆ. ಅದನ್ನು ಯಾವ ಕಲ್ಲಿನ ಮೇಲೆ ಹಾಕಬಾರದೆಂದು ಹೇಳುವವರು ಕಡಿಮೆ. ಮುಂಬಯಿಯ ಹಳೆಯ ಕಟ್ಟಡಗಳಲ್ಲಿ ವಾಸಿಸುವವರಿಗೆ ಈ ಎರಡನೆಯ ಮಾತೇ ಹೆಚ್ಚು ಮುಖ್ಯ, ಏಕೆಂದರೆ ಇಲ್ಲಿ ಒಂದೇ ಮನೆಯೊಳಗೆ ಮೂರು ನಾಲ್ಕು ಬಗೆಯ ನೆಲಗಳಿರುವುದು ಸಾಮಾನ್ಯ. ಡೊಂಬಿವಲಿಯ ನಮ್ಮ ಮನೆಯ ಹಾಲ್‌ನಲ್ಲಿ ಈಚೆಗೆ ಹಾಕಿಸಿದ ವಿಟ್ರಿಫೈಡ್ ಟೈಲ್ಸ್, ಮಲಗುವ ಕೋಣೆಯಲ್ಲಿ ಕಟ್ಟಡ ಕಟ್ಟಿದ ಕಾಲದ ಮೊಸಾಯಿಕ್ ಲಾದಿ (ನೆಲಕ್ಕೆ ಹಾಸುವ ಬಿಲ್ಲೆ), ಅಡುಗೆಮನೆಯಲ್ಲಿ ಕೋಟಾ ಕಲ್ಲು, ಬಾಲ್ಕನಿಯಲ್ಲಿ ಶಹಾಬಾದ್ ಕಲ್ಲು ಇವೆ. ಮುಲುಂಡಿನಲ್ಲಿರುವ ಅತ್ತಿಗೆಯ ಮನೆಯ ಹಾಲ್ ಪೂರ್ತಿ ಬಿಳಿ ಅಮೃತಶಿಲೆಯದು. ವಿನೆಗರ್, ಅಂಟುವಾಳ, ಮೋಸಂಬಿ ಸಿಪ್ಪೆಯ ಬಯೋ ಎಂಜೈಮ್, ವಾಷಿಂಗ್ ಸೋಡಾ, ಉಪ್ಪು ಮತ್ತು ಪಟಿಕ, ಕೊನೆಗೆ ಪಾತ್ರೆ ತೊಳೆಯುವ ದ್ರವದ ಕೆಲವು ಹನಿ, ಇಷ್ಟನ್ನು ನಾವಿಬ್ಬರೂ ಈ ನೆಲಗಳ ಮೇಲೆ ಬಳಸಿ ನೋಡಿದ್ದೇವೆ.

ಹೋಲಿಕೆಗೆ ಮುನ್ನ ಮಾಡಬೇಕಾದ ಒಂದು ಪರೀಕ್ಷೆ ಇದೆ. ಅಡುಗೆಮನೆಗೆ ಹಾಕಿಸಿ ಉಳಿದಿದ್ದ ಕೋಟಾ ಕಲ್ಲಿನ ತುಂಡೊಂದರ ಮೇಲೆ ಒಂದು ಹನಿ ವಿನೆಗರ್ ಬಿಟ್ಟರೆ, ಕೆಲವೇ ಕ್ಷಣಗಳಲ್ಲಿ ಹನಿಯ ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಏಳತೊಡಗುತ್ತವೆ. ಐದು ನಿಮಿಷ ಬಿಟ್ಟು ಒರೆಸಿ, ಕಲ್ಲನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ, ಹನಿ ಕುಳಿತಿದ್ದ ಜಾಗದಲ್ಲಿ ಹೊಳಪು ಹೋಗಿ ಮಂಕಾದ ಒಂದು ವೃತ್ತ ಕಾಣುತ್ತದೆ. ಅದು ಕಲೆಯಲ್ಲ, ಆದ್ದರಿಂದ ಎಷ್ಟು ತೊಳೆದರೂ ಹೋಗುವುದಿಲ್ಲ. ಅಲ್ಲಿ ಕಲ್ಲೇ ಕರಗಿದೆ. ಅಮೃತಶಿಲೆ, ಕೋಟಾ, ಶಹಾಬಾದ್, ಕಡಪಾ, ಇವೆಲ್ಲವುಗಳಲ್ಲಿ ಮುಖ್ಯವಾಗಿ ಇರುವುದು ಕ್ಯಾಲ್ಸಿಯಂ ಕಾರ್ಬೊನೇಟ್. ಹುಳಿ ಯಾವುದೇ ಆಗಲಿ, ಅದರೊಡನೆ ಸೇರಿ ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ. ಆ ಗುಳ್ಳೆಗಳು ಅದರವೇ. ಮೊಸಾಯಿಕ್ ಲಾದಿಯೂ ಇದೇ ಕುಲದ್ದು, ಏಕೆಂದರೆ ಅದು ಅಮೃತಶಿಲೆಯ ಚೂರುಗಳನ್ನು ಸಿಮೆಂಟಿನಲ್ಲಿ ಕೂರಿಸಿ ಉಜ್ಜಿ ಹೊಳಪು ಕೊಟ್ಟದ್ದು, ಮತ್ತು ಸಿಮೆಂಟಿಗೂ ಹುಳಿ ಆಗದು. ಅಮೃತಶಿಲೆಯ ಬಗ್ಗೆ ಜನರು ಎಚ್ಚರದಿಂದಿರುತ್ತಾರೆ. ಆದರೆ ಒರಟಾಗಿ ಕಾಣುವ ಕೋಟಾ ಮತ್ತು ನಮ್ಮ ಕಲಬುರಗಿ ಜಿಲ್ಲೆಯಿಂದ ಬರುವ ಶಹಾಬಾದ್ ಕಲ್ಲುಗಳು ಏನನ್ನಾದರೂ ತಡೆದುಕೊಳ್ಳುತ್ತವೆಂದು ಭಾವಿಸಿ ಅವುಗಳ ಮೇಲೆ ನಿಂಬೆರಸವನ್ನೂ ಆಸಿಡ್ಡನ್ನೂ ಸುರಿಯುತ್ತಾರೆ. ಈ ತಪ್ಪು ಕಲ್ಪನೆ ಹೋಗಬೇಕೆಂಬುದೇ ಈ ಬರಹದ ಮುಖ್ಯ ಉದ್ದೇಶ. ನಿಮ್ಮ ನೆಲ ಯಾವುದೆಂದು ಗೊತ್ತಿಲ್ಲದಿದ್ದರೆ, ಕಪಾಟಿನ ಕೆಳಗೆ ಕಣ್ಣಿಗೆ ಬೀಳದ ಮೂಲೆಯಲ್ಲಿ ಒಂದೇ ಹನಿ ಹಾಕಿ ನೋಡಿ, ಕೂಡಲೇ ಒರೆಸಿಬಿಡಿ.

ವಿನೆಗರ್‌ನ ನಿಜವಾದ ಜಾಗ ವಿಟ್ರಿಫೈಡ್ ಟೈಲ್ಸ್. ಈ ಟೈಲ್ಸ್ ತನ್ನ ತೂಕದ ಶೇಕಡಾ 0.5ಕ್ಕಿಂತ ಹೆಚ್ಚು ನೀರನ್ನು ಹೀರುವುದಿಲ್ಲ. ಆದ್ದರಿಂದ ನೆಲ ಒರೆಸುವ ನೀರಿನಲ್ಲಿದ್ದ ಸಾಬೂನು, ಸುಗಂಧ, ಎಣ್ಣೆ ಎಲ್ಲವೂ ಮೇಲೆಯೇ ಉಳಿದು ಒಂದು ತೆಳುಪದರವಾಗುತ್ತವೆ. ಸಂಜೆಯ ಬಿಸಿಲು ಓರೆಯಾಗಿ ಬಿದ್ದಾಗ ಕಾಣುವ ಮಾಪ್‌ನ ಗೆರೆಗಳೂ, ಮಳೆಗಾಲದಲ್ಲಿ ಬರಿಗಾಲಿಗೆ ತಾಗುವ ಅಂಟೂ ಆ ಪದರದಿಂದಲೇ. ಐದು ಲೀಟರ್ ನೀರಿಗೆ ಅರ್ಧ ಲೋಟ, ಎಂದರೆ ಸುಮಾರು 100 ಮಿಲಿ ಬಿಳಿ ವಿನೆಗರ್ ಹಾಕಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿದರೆ ಅದು ಹೋಗುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಬಂದಾಗ ಉಳಿಯುವ ಬಿಳಿ ಚುಕ್ಕೆಗಳೂ ಹೋಗುತ್ತವೆ. ಆದರೂ ವಾರಕ್ಕೊಮ್ಮೆಗಿಂತ ಹೆಚ್ಚು ಬೇಡ, ಏಕೆಂದರೆ ಟೈಲ್ಸ್‌ಗೆ ಏನೂ ಆಗದಿದ್ದರೂ ಸಂದುಗಳಲ್ಲಿ ತುಂಬಿದ ಸಿಮೆಂಟ್ ಕ್ರಮೇಣ ಸವೆಯುತ್ತದೆ. ವಿನೆಗರ್‌ಗೆ ಅಡುಗೆ ಸೋಡಾ ಬೆರೆಸುವ ಪದ್ಧತಿಯೂ ಇದೆ. ನೊರೆ ಉಕ್ಕುವುದನ್ನು ನೋಡಿದರೆ ಬಹಳ ಶಕ್ತಿಯಿರುವಂತೆ ತೋರುತ್ತದೆ. ಆದರೆ ಆ ನೊರೆಯೊಡನೆ ಹುಳಿಯೂ ಕ್ಷಾರವೂ ಪರಸ್ಪರ ಮುಗಿದುಹೋಗಿ, ಬಕೆಟ್‌ನಲ್ಲಿ ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರೇ. ಎರಡು ಒಳ್ಳೆಯ ವಸ್ತುಗಳನ್ನು ಹೀಗೆ ವ್ಯರ್ಥ ಮಾಡಬಾರದು.

ಅಂಟುವಾಳದ ಬಗ್ಗೆ ನಾನು ಸ್ವಲ್ಪ ವಿಸ್ತಾರವಾಗಿಯೇ ಹೇಳಬಯಸುತ್ತೇನೆ, ಏಕೆಂದರೆ ಮೊಸಾಯಿಕ್, ಕೋಟಾ ಮತ್ತು ಶಹಾಬಾದ್‌ಗಳಿಗೆ ನಾನು ದಿನನಿತ್ಯ ಬಳಸುವುದು ಅದನ್ನೇ. ಇಲ್ಲಿನ ಕಿರಾಣಿ ಅಂಗಡಿಯಲ್ಲಿ ರೀಠಾ ಎಂದು ಕೇಳಿದರೆ ಕೊಡುತ್ತಾರೆ. ಬೀಜ ತೆಗೆದ ಹತ್ತು ಹನ್ನೆರಡು ಕಾಯಿಗಳ ಸಿಪ್ಪೆಯನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಇಪ್ಪತ್ತು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ, ಆರಿದ ಮೇಲೆ ಕೈಯಿಂದ ಚೆನ್ನಾಗಿ ಕಿವುಚಿ, ಹಳೆಯ ಪಂಚೆಯ ಬಟ್ಟೆಯಲ್ಲಿ ಎರಡು ಸಲ ಸೋಸಬೇಕು. ಅರ್ಧ ಬಕೆಟ್ ನೀರಿಗೆ ಇದರ ಒಂದು ಲೋಟ ಸಾಕು. ಸಾಮಾನ್ಯ ಸಾಬೂನು ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂನೊಡನೆ ಸೇರಿ ಬಿಳಿ ಜಿಡ್ಡಾಗುತ್ತದೆ. ಅಂಟುವಾಳದಲ್ಲಿ ನೊರೆ ಬರಿಸುವ ಸಪೋನಿನ್ ಎಂಬ ಅಂಶ ಹಾಗೆ ಜಿಡ್ಡು ಕಟ್ಟುವುದಿಲ್ಲವಾದ್ದರಿಂದ, ಬೋರ್‌ವೆಲ್ ನೀರಿರುವ ಸೊಸೈಟಿಗಳಲ್ಲಿ ಇದರ ಉಪಯೋಗ ಎದ್ದು ಕಾಣುತ್ತದೆ. ಕುದಿಸಿದ ನೀರು ತುಸು ಹುಳಿಯ ಸ್ವಭಾವದ್ದೇ ಆದ್ದರಿಂದ ಕಲ್ಲಿನ ನೆಲಕ್ಕೆ ಬಳಸುವಾಗ ಬಕೆಟ್‌ಗೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕುತ್ತೇನೆ. ಇದರ ಕೊರತೆಗಳು ಎರಡು. ಮುಂಬಯಿಯ ಸೆಕೆಯಲ್ಲಿ ಇದು ಹೊರಗಿಟ್ಟರೆ ಎರಡು ಮೂರು ದಿನಗಳಲ್ಲೇ ಹುಳಿತು ವಾಸನೆ ಬರುತ್ತದೆ. ಹಾಗಾಗಿ ಫ್ರಿಜ್‌ನಲ್ಲಿಡಬೇಕು, ಇಲ್ಲವೇ ಐಸ್ ಟ್ರೇಯಲ್ಲಿ ಗಟ್ಟಿಯಾಗಿಸಿಟ್ಟು ದಿನಕ್ಕೆ ಬೇಕಾದಷ್ಟು ತುಂಡುಗಳನ್ನು ತೆಗೆದುಕೊಳ್ಳಬೇಕು. ಎರಡನೆಯದಾಗಿ, ಅದರ ಕಂದು ಬಣ್ಣ ಬಿಳಿ ಅಮೃತಶಿಲೆಗೆ ಒಳ್ಳೆಯದಲ್ಲ. ಅತ್ತಿಗೆ ಒಂದು ಮೂಲೆಯಲ್ಲಿ ಪ್ರಯೋಗಿಸಿ ನೋಡಿ, ಅದನ್ನು ಅಲ್ಲಿಗೇ ಬಿಟ್ಟರು.

ಅವರ ಅಮೃತಶಿಲೆಗೆ ಕೊನೆಗೆ ಒಪ್ಪಿದ್ದು ಅತ್ಯಂತ ಸರಳವಾದದ್ದು: ಅರ್ಧ ಬಕೆಟ್ ಬೆಚ್ಚಗಿನ ನೀರು, ಅದರಲ್ಲಿ ನಿಂಬೆ ಅಥವಾ ವಿನೆಗರ್ ಸೇರಿಲ್ಲದ ಪಾತ್ರೆ ತೊಳೆಯುವ ದ್ರವದ ಐದಾರು ಹನಿ, ಆಮೇಲೆ ಬರೀ ನೀರಿನಿಂದ ಇನ್ನೊಂದು ಸುತ್ತು. ಒರೆಸುವ ಮೊದಲು ಗುಡಿಸುವುದು ಇಲ್ಲಿ ದ್ರಾವಣಕ್ಕಿಂತಲೂ ಮುಖ್ಯ. ಚಪ್ಪಲಿಯಿಂದ ಬರುವ ಮರಳು ಅಮೃತಶಿಲೆಗಿಂತ ಬಹಳ ಗಟ್ಟಿ. ಅದನ್ನು ತೆಗೆಯದೆ ಮಾಪ್ ಎಳೆದರೆ ಪ್ರತಿ ಸಲವೂ ನೆಲಕ್ಕೆ ಗೀರು ಬೀಳುತ್ತದೆ.

ಬಯೋ ಎಂಜೈಮ್ ಬಗ್ಗೆ ನಮ್ಮವರಲ್ಲಿ ಬಹಳ ಉತ್ಸಾಹವಿದೆ, ಅದು ನ್ಯಾಯವೂ ಹೌದು. ಸ್ಟೇಷನ್ ಹೊರಗಿನ ಜ್ಯೂಸ್ ಅಂಗಡಿಯವರು ಮೋಸಂಬಿ ಸಿಪ್ಪೆಯನ್ನು ಹಣವಿಲ್ಲದೆ ಕೊಡುತ್ತಾರೆ. 100 ಗ್ರಾಂ ಬೆಲ್ಲ, 300 ಗ್ರಾಂ ಸಿಪ್ಪೆ, ಒಂದು ಲೀಟರ್ ನೀರು, ಇಷ್ಟನ್ನು ಮೇಲೆ ಜಾಗ ಬಿಟ್ಟು ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ ಮೂರು ತಿಂಗಳು ಬಿಡಬೇಕು. ಮೊದಲ ತಿಂಗಳು ದಿನವೂ ಮುಚ್ಚಳ ಸಡಿಲಿಸಿ ಗಾಳಿ ಬಿಡಬೇಕು; ಗಾಜಿನ ಸೀಸೆ ಒಡೆಯುವ ಅಪಾಯವಿರುವುದರಿಂದ ಅದನ್ನು ಬಳಸಲೇಬಾರದು. ಸಿದ್ಧವಾದದ್ದರ ಪರಿಮಳ ಚೆನ್ನಾಗಿರುತ್ತದೆ, ಬಚ್ಚಲಿನ ಸೆರಾಮಿಕ್ ಟೈಲ್ಸ್‌ಗೆ ನನಗೆ ಇದು ವಿನೆಗರ್‌ಗಿಂತ ಇಷ್ಟ. ಆದರೆ ಹುದುಗಿ ಆದದ್ದು ಹುಳಿಯೇ. ನೈಸರ್ಗಿಕವೆಂಬ ಕಾರಣಕ್ಕೆ ಅದು ಕೋಟಾ ಕಲ್ಲಿಗೆ ರಿಯಾಯಿತಿ ತೋರಿಸುವುದಿಲ್ಲ. ಅವಸರಪಟ್ಟು ಎರಡನೆಯ ತಿಂಗಳಲ್ಲೇ ಸೋಸಿದರೆ ಬೆಲ್ಲ ಪೂರ್ತಿ ಹುದುಗದೆ ಉಳಿದು ಇರುವೆ ಮುತ್ತುತ್ತದೆ.

ಉಪ್ಪು ಮತ್ತು ಪಟಿಕದ ಮಿಶ್ರಣವನ್ನು ನಾನು ಒಪ್ಪಲಾರೆ. ಮಂಗಳವಾರ, ಶುಕ್ರವಾರ ಉಪ್ಪುನೀರಿನಿಂದ ಮನೆ ಒರೆಸುವ ನಂಬಿಕೆ ಇರುವವರು ಟೈಲ್ಸ್ ಮೇಲೆ ಹಾಗೆ ಮಾಡುವುದಕ್ಕೆ ಅಡ್ಡಿಯಿಲ್ಲ. ಆದರೆ ಕಲ್ಲುಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುವುದರಿಂದ ಜುಲೈ ತಿಂಗಳಲ್ಲಿ ನೆಲ ಒಣಗುವುದೇ ಇಲ್ಲ, ಮತ್ತು ನೀರು ಹೀರುವ ಕಲ್ಲಿನೊಳಗೆ ಇಳಿದ ಉಪ್ಪು ಮತ್ತೆ ಹರಳಾಗಿ ಬಿಳಿ ಪುಡಿಯಂತೆ ಹೊರಬರುತ್ತದೆ. ಪಟಿಕದ ನೀರೂ ಹುಳಿಯೆಂಬುದು ಬಹಳ ಜನರಿಗೆ ತಿಳಿದಿಲ್ಲ.

ಅಡುಗೆಮನೆಯ ಒಲೆಯ ಮುಂದಿನ ಜಿಡ್ಡಿಗೆ ಮಾತ್ರ ಇವು ಯಾವುವೂ ಸಾಲವು. ಅಲ್ಲಿ ವಾಷಿಂಗ್ ಸೋಡಾಗೆ ಸಮನಾದದ್ದಿಲ್ಲ. ಅರ್ಧ ಬಕೆಟ್ ಬಿಸಿನೀರಿಗೆ ಒಂದು ದೊಡ್ಡ ಚಮಚ ಹಾಕಿ, ಕೈಗವಸು ತೊಟ್ಟು ಬ್ರಷ್‌ನಿಂದ ತಿಕ್ಕಿ, ಎರಡು ಸಲ ನೀರಿನಿಂದ ಒರೆಸಬೇಕು. ಇದು ತೀಕ್ಷ್ಣ ಕ್ಷಾರವಾದ್ದರಿಂದ ಎಣ್ಣೆಯನ್ನು ಕರಗಿಸುತ್ತದೆ, ಕೋಟಾ ಕಲ್ಲನ್ನು ಕರಗಿಸುವುದಿಲ್ಲ; ಆದರೆ ಸ್ಲೈಡಿಂಗ್ ಕಿಟಕಿಯ ಅಲ್ಯೂಮಿನಿಯಂ ಚೌಕಟ್ಟಿಗೆ ತಾಗಿದರೆ ಅದು ಕಪ್ಪಾಗುತ್ತದೆ. ತಿಂಗಳಿಗೆ ಎರಡು ಸಲ ಸಾಕು.

ಮಡಗಾಂವಿನ ಅಣ್ಣನ ಮನೆಯಲ್ಲಿರುವಂತಹ ಕೆಂಪು ಸಿಮೆಂಟಿನ ನೆಲಕ್ಕೆ ಹುಳಿಯೂ ಬೇಡ, ವಾಷಿಂಗ್ ಸೋಡಾವೂ ಬೇಡ. ಅವರು ಬರೀ ನೀರಿನಿಂದ ಒರೆಸಿ, ಒಣಗಿದ ಮೇಲೆ ಆಗಾಗ ಕೊಬ್ಬರಿ ಎಣ್ಣೆ ತಾಗಿಸಿದ ಬಟ್ಟೆಯಿಂದ ಉಜ್ಜುತ್ತಾರೆ. ಅದಕ್ಕಿಂತ ಒಳ್ಳೆಯ ಉಪಾಯ ನನಗೆ ಕಂಡಿಲ್ಲ.

ಈ ದ್ರಾವಣಗಳು ಕೊಳೆ ತೆಗೆಯುತ್ತವೆ. ರೋಗಾಣುಗಳನ್ನು ಕೊಲ್ಲುವ ಭರವಸೆಯನ್ನು ಇವುಗಳಿಂದ ನಿರೀಕ್ಷಿಸಬಾರದು. ಮನೆಯಲ್ಲಿ ಯಾರಿಗಾದರೂ ವಾಂತಿ ಭೇದಿಯಾದಾಗ ಬ್ಲೀಚ್ ಬಳಸುವುದೇ ಸರಿ, ಆದರೆ ಅದನ್ನು ಬೇರೆ ಬಕೆಟ್‌ನಲ್ಲಿ, ಕಿಟಕಿ ತೆರೆದಿಟ್ಟು, ಬರೀ ನೀರಿನಲ್ಲಿ ಬೆರೆಸಬೇಕು. ಬ್ಲೀಚ್‌ಗೆ ವಿನೆಗರ್, ಬಯೋ ಎಂಜೈಮ್ ಅಥವಾ ಬಚ್ಚಲು ತೊಳೆಯುವ ಆಸಿಡ್ ಸೇರಿದರೆ ಕ್ಲೋರಿನ್ ಎಂಬ ವಿಷಾನಿಲ ಏಳುತ್ತದೆ. ನಮ್ಮ ಮನೆಗೆಲಸಕ್ಕೆ ಬರುವ ಮೌಶಿಗೆ ಇದನ್ನೆಲ್ಲ ಒಮ್ಮೆಗೇ ಹೇಳಿ ಗೊಂದಲಪಡಿಸುವ ಬದಲು, ಹುಳಿಯ ಬಾಟಲಿಗಳಿಗೆಲ್ಲ ಕೆಂಪು ಪಟ್ಟಿ ಅಂಟಿಸಿ, ಇವು ಹಾಲ್ ಮತ್ತು ಬಚ್ಚಲಿಗೆ ಮಾತ್ರ ಎಂದು ತಿಳಿಸಿದ್ದೇನೆ. ಬ್ಲೀಚ್ ಬಾಟಲಿಯನ್ನು ಅವುಗಳ ಪಕ್ಕದಲ್ಲಿ ಇಡದೆ ಮೇಲಿನ ಕಪಾಟಿನಲ್ಲಿ ಬೇರೆಯಾಗಿಯೇ ಇಟ್ಟಿದ್ದೇನೆ.