ಸಿಬಿಲ್ಸ್ ಪ್ರಶಸ್ತಿ: ಗೆದ್ದ ಪುಸ್ತಕಕ್ಕಿಂತ ಕಿರುಪಟ್ಟಿಯೇ ಉಪಯುಕ್ತ

ಮಕ್ಕಳಿಗೆ ಇಂಗ್ಲಿಷ್ ಪುಸ್ತಕ ಹುಡುಕುವವರು ಸಾಮಾನ್ಯವಾಗಿ ರಕ್ಷಾಪುಟದ ಮೇಲೆ ಅಮೆರಿಕದ ನ್ಯೂಬೆರಿ, ಕಾಲ್ಡೆಕಾಟ್ ಪ್ರಶಸ್ತಿಗಳ ಮುದ್ರೆ ನೋಡಿ ಕೊಳ್ಳುತ್ತಾರೆ. ಅಮೆರಿಕದ್ದೇ ಆದ ಸಿಬಿಲ್ಸ್ ಪ್ರಶಸ್ತಿಯ ಹೆಸರು ನಮ್ಮಲ್ಲಿ ಅಷ್ಟಾಗಿ ಕಿವಿಗೆ ಬಿದ್ದಿಲ್ಲ. ಆದರೆ ಈಗಷ್ಟೇ ತಾನಾಗಿ ಓದಲು ಶುರುಮಾಡಿದ ಮಗುವಿನ ಕೈಗೆ ಯಾವ ಪುಸ್ತಕ ಕೊಡಲಿ ಎಂದು ಕೇಳುವವರಿಗೆ ಇದರಷ್ಟು ಕೆಲಸಕ್ಕೆ ಬರುವ ಪಟ್ಟಿಗಳು ಕಡಿಮೆ.

ಆನ್ ಬೋಲ್ಸ್ ಲೆವಿ ಮತ್ತು ಕೆಲ್ಲಿ ಹೆರಾಲ್ಡ್ 2006ರಲ್ಲಿ ಇದನ್ನು ಆರಂಭಿಸಿದರು. ತೀರ್ಪುಗಾರರು ಹೆಚ್ಚಾಗಿ ಮಕ್ಕಳ ಪುಸ್ತಕಗಳ ಬಗ್ಗೆ ಬ್ಲಾಗ್ ಬರೆಯುವವರು. ಅವರಲ್ಲಿ ಶಿಕ್ಷಕರು, ಗ್ರಂಥಪಾಲಕರು, ತಂದೆತಾಯಿಗಳು, ಲೇಖಕರು ಎಲ್ಲರೂ ಉಂಟು. 1922ರಿಂದ ನಡೆದುಬಂದ ನ್ಯೂಬೆರಿಯ ನಿಯಮಗಳಲ್ಲಿ ಜನಪ್ರಿಯತೆಗೆ ಈ ಪದಕವಲ್ಲ ಎಂದು ಬರೆದೇ ಇದೆ. ಸಿಬಿಲ್ಸ್ ಮಾತ್ರ ಎರಡು ಗುಣಗಳನ್ನು ಒಟ್ಟಿಗೆ ಕೇಳುತ್ತದೆ: ಬರವಣಿಗೆ ಚೆನ್ನಾಗಿರಬೇಕು, ಮಗುವಿಗೂ ಹಿಡಿಸಬೇಕು. ಒಂದಿದ್ದು ಇನ್ನೊಂದಿಲ್ಲದಿದ್ದರೆ ಪುಸ್ತಕ ಮುಂದೆ ಹೋಗುವುದಿಲ್ಲ.

ಕೆಲಸ ನಡೆಯುವ ಕ್ರಮ ಹೀಗೆ. ರೂಢಿಯ ಪ್ರಕಾರ ಅಕ್ಟೋಬರ್ 1ರಿಂದ 15ರವರೆಗೆ ಯಾರು ಬೇಕಾದರೂ ಪುಸ್ತಕ ಸೂಚಿಸಬಹುದು, ಒಂದು ವಿಭಾಗಕ್ಕೆ ಒಂದೇ. ಹಿಂದಿನ ವರ್ಷದ ಅಕ್ಟೋಬರ್ 16ರಿಂದ ಈ ವರ್ಷದ ಅಕ್ಟೋಬರ್ 15ರೊಳಗೆ ಅಮೆರಿಕ ಅಥವಾ ಕೆನಡಾದಲ್ಲಿ ಪ್ರಕಟವಾದದ್ದಾಗಿರಬೇಕು. ಹಾಗಾಗಿ ನವೆಂಬರ್‌ನಲ್ಲಿ ಬಂದ ಪುಸ್ತಕವನ್ನು ಮುಂದಿನ ವರ್ಷದ ಪಟ್ಟಿಯಲ್ಲಿ ಹುಡುಕಬೇಕು. ಆಮೇಲೆ ಪ್ರತಿ ವಿಭಾಗದ ಮೊದಲ ಸುತ್ತಿನ ತಂಡ ಡಿಸೆಂಬರ್ ಕೊನೆಯವರೆಗೆ ಓದಿ, ಚರ್ಚಿಸಿ, ಐದರಿಂದ ಏಳು ಪುಸ್ತಕಗಳಿಗೆ ಇಳಿಸುತ್ತದೆ. ಆ ಕಿರುಪಟ್ಟಿ ಜನವರಿ 1ಕ್ಕೆ ಹೊರಬರುತ್ತದೆ. ಬೇರೆಯೇ ಆದ ಎರಡನೆಯ ತಂಡ ಅಷ್ಟನ್ನು ಮಾತ್ರ ಓದಿ ಒಂದನ್ನು ಆರಿಸುತ್ತದೆ. ಘೋಷಣೆ ಫೆಬ್ರವರಿ 14ಕ್ಕೆ.

ಈ ವ್ಯವಸ್ಥೆಯ ತೂಕವೆಲ್ಲ ಮೊದಲ ಸುತ್ತಿನಲ್ಲಿದೆ. ಹೆಚ್ಚು ಪೈಪೋಟಿಯ ವಿಭಾಗಗಳಲ್ಲಿ ನೂರಕ್ಕೂ ಮೀರಿ ಪುಸ್ತಕಗಳು ಬರುತ್ತವೆ, ಕೈಯಲ್ಲಿರುವುದು ಹತ್ತು ಹನ್ನೊಂದು ವಾರ. ಅಷ್ಟು ಪುಸ್ತಕಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದವರ ಕಣ್ಣಿಗೆ ನಕಲು, ಸವಕಲು ಕಥಾಹಂದರ, ಉಪದೇಶದ ಬಾಲ ಬೇಗ ಬೀಳುತ್ತವೆ. ಎರಡನೆಯ ಸುತ್ತಿನ ಆಯ್ಕೆಯಲ್ಲಿ ಆ ಕೆಲವೇ ಜನರ ರುಚಿಯೂ ಸೇರಿಕೊಳ್ಳುತ್ತದೆ. ಐದು ಒಳ್ಳೆಯ ಪುಸ್ತಕಗಳ ನಡುವೆ ಒಂದನ್ನು ಹಿಡಿಯುವಾಗ ಅದು ಸಹಜ. ಆದ್ದರಿಂದ ಗೆದ್ದದ್ದನ್ನು ಮಾತ್ರ ಕೊಳ್ಳುವವರು ಈ ಪ್ರಶಸ್ತಿಯ ಅತ್ಯುತ್ತಮ ಭಾಗವನ್ನೇ ಬಿಟ್ಟ ಹಾಗೆ. ಕಿರುಪಟ್ಟಿಯ ಪ್ರತಿ ಪುಸ್ತಕಕ್ಕೂ ತಂಡದವರು ಬರೆಯುವ ಚಿಕ್ಕ ಟಿಪ್ಪಣಿಯನ್ನು ತಪ್ಪದೇ ಓದಬೇಕು: ಯಾವ ವಯಸ್ಸಿನ, ಯಾವ ಸ್ವಭಾವದ ಮಗುವಿಗೆ ಅದು ಹೊಂದುತ್ತದೆ ಎಂಬುದು ಅಲ್ಲಿ ಸಿಗುತ್ತದೆ.

ಇದರ ನಿಜವಾದ ಹೆಚ್ಚುಗಾರಿಕೆ ವಿಭಾಗಗಳಲ್ಲಿ. ಚಿತ್ರಪುಸ್ತಕ, ಆರಂಭಿಕ ಓದುಗರ ಪುಸ್ತಕ, ಪುಟ್ಟ ಅಧ್ಯಾಯಗಳ ಪುಸ್ತಕ, ಗ್ರಾಫಿಕ್ ಕಾದಂಬರಿ, ಕವಿತೆ, ಕಥೆಯಲ್ಲದ ಪುಸ್ತಕ ಎಲ್ಲವೂ ಬೇರೆ ಬೇರೆ. ಪ್ರತಿಯೊಂದರ ಪರೀಕ್ಷೆಯೂ ಬೇರೆ. ಚಿತ್ರಪುಸ್ತಕ ಬಹುಪಾಲು 32 ಪುಟದ್ದು. ಪುಟ ತಿರುವುವ ಜಾಗದಲ್ಲಿ ಕುತೂಹಲ ನಿಲ್ಲಬೇಕು, ಮುಖ್ಯ ಚಿತ್ರ ನಡುವಿನ ಹೊಲಿಗೆಯಲ್ಲಿ ಹೂತುಹೋಗಬಾರದು, ಚಿತ್ರ ಹೇಳಿದ್ದನ್ನೇ ಮಾತು ಮತ್ತೆ ಹೇಳಬಾರದು. ಗಟ್ಟಿಯಾಗಿ ಓದಿದಾಗ ನಾಲಿಗೆ ಎಡವಿದರೆ ಅದು ಮಲಗುವ ಹೊತ್ತಿಗೆ ದಿನವೂ ಓದಿಸಿಕೊಳ್ಳುವ ಪುಸ್ತಕವಲ್ಲ. ಆರಂಭಿಕ ಓದುಗರ ಪುಸ್ತಕ ಇನ್ನೂ ಕಷ್ಟದ ಕಸುಬು. ಅಕ್ಷರ ದೊಡ್ಡದಿರಬೇಕು, ಸಾಲು ಅರ್ಥ ಮುರಿಯುವ ಜಾಗದಲ್ಲಿ ಒಡೆಯಬಾರದು, ಹೊಸ ಪದಕ್ಕೆ ಚಿತ್ರದಲ್ಲಿ ಸುಳಿವಿರಬೇಕು, ಅದೇ ಪದ ಎರಡು ಮೂರು ಪುಟದಲ್ಲಿ ಮರಳಿ ಬರಬೇಕು. ಇಷ್ಟು ಕಟ್ಟುಪಾಡಿನೊಳಗೆ ನಗಿಸುವುದು ಎಷ್ಟು ಕಷ್ಟ ಎಂದು ಬಲ್ಲವರು ಈ ವಿಭಾಗವನ್ನು ಪ್ರತ್ಯೇಕ ಇಟ್ಟದ್ದಕ್ಕೆ ಸಿಬಿಲ್ಸ್ ಅನ್ನು ಮೆಚ್ಚಲೇಬೇಕು. ಕಥೆಯಲ್ಲದ ಪುಸ್ತಕದಲ್ಲಿ ಪದಸೂಚಿ, ಆಧಾರಗಳ ಪಟ್ಟಿ, ಚಿತ್ರಗಳ ಅಡಿಬರಹ ನೋಡಿದರೆ ಅರ್ಧ ತೀರ್ಮಾನ ಆದಂತೆ.

ಕೊರತೆಗಳೂ ಇವೆ. ಯಾರೂ ಸೂಚಿಸದ ಪುಸ್ತಕ ಪಟ್ಟಿಗೇ ಬರುವುದಿಲ್ಲ. ಇಷ್ಟು ಒಳ್ಳೆಯದನ್ನು ಬೇರೆ ಯಾರಾದರೂ ಸೂಚಿಸಿರುತ್ತಾರೆ ಎಂದು ಎಲ್ಲರೂ ಸುಮ್ಮನಿದ್ದರೆ ಅದು ಹೊರಗೇ ಉಳಿಯುತ್ತದೆ. ಸಣ್ಣ ಪ್ರಕಾಶಕರು ವಿಮರ್ಶೆಗೆಂದು ಉಚಿತ ಪ್ರತಿ ಕಳಿಸದಿದ್ದರೆ ತೀರ್ಪುಗಾರರು ಗ್ರಂಥಾಲಯವನ್ನೇ ನೆಚ್ಚಬೇಕು. ಅಲ್ಲೂ ಇಲ್ಲದಿದ್ದರೆ ಪುಸ್ತಕಕ್ಕೆ ನ್ಯಾಯ ಸಿಗುವುದು ಕಷ್ಟ. ಇನ್ನು ಮಗುವಿಗೆ ಹಿಡಿಸುತ್ತದೆಯೇ ಎಂದು ನಿರ್ಧರಿಸುವವರೂ ದೊಡ್ಡವರೇ. ತರಗತಿಯಲ್ಲಿ ಓದಿ ನೋಡಿದ ಶಿಕ್ಷಕರು ತಂಡದಲ್ಲಿದ್ದರೆ ಆ ಕೊರತೆ ಸ್ವಲ್ಪ ತುಂಬುತ್ತದೆ, ಪೂರ್ತಿ ಅಲ್ಲ. ಉಚಿತ ಪ್ರತಿಗಳ ವಿಷಯದಲ್ಲಿ 2009ರ ಡಿಸೆಂಬರ್‌ನಿಂದ ಅಮೆರಿಕದ ವ್ಯಾಪಾರ ಆಯೋಗದ ಮಾರ್ಗಸೂಚಿ ಜಾರಿಯಲ್ಲಿದೆ: ಪುಸ್ತಕ ಪುಕ್ಕಟೆ ಬಂದಿದ್ದರೆ ವಿಮರ್ಶೆಯಲ್ಲಿ ಹೇಳಬೇಕು. ಹಾಗೆ ಹೇಳದ ಬ್ಲಾಗಿನ ಹೊಗಳಿಕೆಯನ್ನು ಎಚ್ಚರದಿಂದ ಓದುವುದು ಒಳ್ಳೆಯದು.

ಕನ್ನಡದಲ್ಲಿ ಇಂಥ ವಯೋಮಾನದ ವಿಂಗಡಣೆ ತೀರಾ ಬೇಕಾಗಿದೆ. 2010ರಲ್ಲಿ ಶುರುವಾದ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ವರ್ಷಕ್ಕೆ ಒಂದು ಭಾಷೆಗೆ ಒಂದೇ. ಮೂರು ವರ್ಷದವರ ಪುಸ್ತಕವೂ ಹದಿಮೂರರವರ ಕಾದಂಬರಿಯೂ ಒಂದೇ ತಕ್ಕಡಿಗೆ ಬೀಳುತ್ತವೆ. ಸದ್ಯಕ್ಕೆ ಬೆಂಗಳೂರಿನ ಪ್ರಥಮ್ ಬುಕ್ಸ್ ನಡೆಸುವ ಸ್ಟೋರಿವೀವರ್ ಎಂಬ ಮಕ್ಕಳ ಕಥೆಗಳ ಜಾಲತಾಣದ ನಾಲ್ಕು ಹಂತಗಳು ನೆರವಿಗಿವೆ: ಮೊದಲ ಹಂತದ ಕಥೆ 250 ಪದ ಮೀರುವುದಿಲ್ಲ, ಎರಡನೆಯದು 600ರವರೆಗೆ, ಮೂರನೆಯದು 1500ರವರೆಗೆ, ಅದಕ್ಕೂ ಉದ್ದದವು ನಾಲ್ಕನೆಯದು. ಅಲ್ಲಿನ ಕನ್ನಡ ಪುಸ್ತಕಗಳನ್ನು ದುಡ್ಡಿಲ್ಲದೆ ಓದಬಹುದು.

ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ ಕಡೆಯ ಕನ್ನಡಿಗರಿಗೆ ಸಿಬಿಲ್ಸ್ ಕಿರುಪಟ್ಟಿಯ ಪುಸ್ತಕಗಳನ್ನು ಪಡೆಯಲು ಸಾರ್ವಜನಿಕ ಗ್ರಂಥಾಲಯವೇ ಸಾಕು. ಇಲ್ಲದ್ದನ್ನು ಬೇರೆ ಊರಿನಿಂದ ತರಿಸಿಕೊಡುತ್ತಾರೆ. ಕರ್ನಾಟಕದಲ್ಲಿ ಕೊಳ್ಳುವವರು ಆ ವರ್ಷದ್ದಕ್ಕೆ ಕೈಹಾಕುವುದು ಬೇಡ, ಆಮದಾದ ಗಟ್ಟಿ ರಟ್ಟಿನ ಪ್ರತಿ ದುಬಾರಿ. ಎರಡು ಮೂರು ವರ್ಷ ಹಳೆಯ ಕಿರುಪಟ್ಟಿ ತೆಗೆದುಕೊಂಡು, ಮಗುವಿನ ವಯಸ್ಸಿನ ವಿಭಾಗದಲ್ಲಿ ಪೇಪರ್‌ಬ್ಯಾಕ್ ಬಂದವುಗಳನ್ನು ಹುಡುಕಿ, ಒಳಪುಟಗಳ ಮಾದರಿ ನೋಡಿ ಕೊಳ್ಳಿ.