ಫಾಸ್ಟ್‌ಎಪಿಐ: ನಾಲ್ಕು ವರ್ಷ ಪ್ರೊಡಕ್ಷನ್‌ನಲ್ಲಿ ಓಡಿಸಿದ ಮೇಲೆ

ನಮ್ಮ ಸರ್ವರ್‌ಗೆ ನಿಜವಾದ ಕೆಲಸ ಇರುವುದು ದಿನಕ್ಕೆ ಎರಡು ಹೊತ್ತು. ಬೆಳಿಗ್ಗೆ ಹಾಲು ಅಳೆಯುವಾಗ, ಸಂಜೆ ಹಾಲು ಅಳೆಯುವಾಗ. ಹಳ್ಳಿಯ ಡೇರಿಯಲ್ಲಿ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಗಟ್ಟಿ ಅಂಶ) ಮೂರನ್ನೂ ಮೊಬೈಲಿಗೆ ಹಾಕುತ್ತಾರೆ. ದರ ಲೆಕ್ಕವಾಗಿ ಚೀಟಿ ಬರಬೇಕು. ಹಿಂದೆ ಜನ ಕ್ಯಾನ್ ಹಿಡಿದು ಕಾಯುತ್ತಿರುತ್ತಾರೆ. ಈ ಲೆಕ್ಕದ ವೆಬ್ ಸರ್ವೀಸನ್ನು ನಮ್ಮ ಮೂರು ಜನರ ತಂಡ 2021ರಲ್ಲಿ ಫಾಸ್ಟ್‌ಎಪಿಐ ಎನ್ನುವ ಪೈಥಾನ್ ವೆಬ್ ಫ್ರೇಮ್‌ವರ್ಕ್‌ನಲ್ಲಿ ಬರೆಯಿತು.

ಆಗ ಅದು ಹೊಸದು. ಮೊದಲ ಬಿಡುಗಡೆ ಆಗಿದ್ದು 2018ರ ಡಿಸೆಂಬರ್‌ನಲ್ಲಿ. ಬರೆದವರು ಸೆಬಾಸ್ಟಿಯನ್ ರಮಿರೆಜ್. ವರ್ಷನ್ ನಂಬರ್ ಸೊನ್ನೆಯಿಂದ ಶುರು. ನನ್ನ ಹಿರಿಯ ಗೆಳೆಯರೊಬ್ಬರು ನೇರವಾಗಿಯೇ ಕೇಳಿದರು: "ಒಂದು ಅಂತ ಇನ್ನೂ ಹೇಳಿಕೊಳ್ಳದ ವರ್ಷನ್ನಿನ ಮೇಲೆ ರೈತರ ದುಡ್ಡಿನ ಲೆಕ್ಕ ಇಡ್ತೀಯಾ?" ಸರಿಯಾದ ಪ್ರಶ್ನೆಯೇ. ಅದಕ್ಕೆ ಒಂದು ವಾರ ಕೂತು ಕೋಡ್ ಓದಿದೆ. ರೂಟಿಂಗ್, ಅಂದರೆ ಬಂದ ರಿಕ್ವೆಸ್ಟನ್ನು ಸರಿಯಾದ ಫಂಕ್ಷನ್‌ಗೆ ಕಳಿಸುವುದು, ಸ್ಟಾರ್ಲೆಟ್. ಡೇಟಾ ಪರೀಕ್ಷೆ ಮಾಡುವುದು ಪೈಡಾಂಟಿಕ್. ಓಡಿಸುವುದು ಯುವಿಕಾರ್ನ್. ಇವುಗಳನ್ನು ಕಟ್ಟಿ ಹಿಡಿದಿರುವ ಪದರ ಮಾತ್ರ ಫಾಸ್ಟ್‌ಎಪಿಐ, ಮತ್ತು ಆ ಪದರ ಓದಿ ಅರ್ಥ ಮಾಡಿಕೊಳ್ಳುವಷ್ಟು ಇತ್ತು. ಲೈಸೆನ್ಸ್ ಎಂಐಟಿ, ಕೋಡನ್ನು ಯಾರು ಬೇಕಾದರೂ ಬಳಸಬಹುದು, ಬದಲಾಯಿಸಬಹುದು. ನಾಳೆ ಕೆಲಸ ನಿಂತರೂ ಕೋಡ್ ನಮ್ಮ ಕೈಯಲ್ಲೇ ಇರುತ್ತೆ ಎನ್ನುವ ಧೈರ್ಯದ ಮೇಲೆ ಹೂಂ ಅಂದೆವು.

ಮೊದಲ ತಿಂಗಳೇ ಇಷ್ಟವಾಯಿತು. ಫ್ಯಾಟ್ 4.2 ಹಾಕುವ ಕಡೆ ಯಾರೋ 42 ಒತ್ತುತ್ತಾರೆ. ಮಾಡೆಲ್‌ನಲ್ಲಿ (ಯಾವ ಡೇಟಾ ಹೇಗಿರಬೇಕು ಅಂತ ಬರೆಯುವ ಕಡೆ) ಮಿತಿ ಒಂದು ಸಾಲು ಬರೆದರೆ ಸಾಕು, ಅದು ಬಾಗಿಲಲ್ಲೇ 422 ಎನ್ನುವ ಎರರ್ ಕೋಡ್ ಕೊಟ್ಟು, ಯಾವ ಫೀಲ್ಡ್ ಯಾಕೆ ತಪ್ಪು ಅಂತಲೂ ಹೇಳಿ ಕಳಿಸುತ್ತದೆ. ಯಾವ ಫೀಲ್ಡ್ ಕಳಿಸಬೇಕು ಅಂತ ತೋರಿಸುವ ಡಾಕ್ಸ್ ಪೇಜ್ ಕೋಡಿನಿಂದಲೇ ತಾನಾಗಿ ಹುಟ್ಟುತ್ತದೆ. ಮೊದಲು ಆಂಡ್ರಾಯ್ಡ್ ಬರೆಯುವ ಹುಡುಗನಿಗೂ ನನಗೂ ಫೀಲ್ಡಿನ ಹೆಸರಿಗೆ ದಿನಾ ವಾದ ನಡೆಯುತ್ತಿತ್ತು. ಈಗ ಅವನು ಆ ಪೇಜ್ ತೆರೆದು ತಾನೇ ಪರೀಕ್ಷೆ ಮಾಡಿಕೊಳ್ಳುತ್ತಾನೆ.

ಪ್ರೊಡಕ್ಷನ್ ಅಂದರೆ ಏನು ಅಂತ ತಿಳಿದದ್ದು 2022ರ ಒಂದು ಬಟವಾಡೆ ದಿನ. ಬೆಳಿಗ್ಗೆ ಆರೂಕಾಲಿಗೆ ಡೇರಿ ಕಾರ್ಯದರ್ಶಿಯೊಬ್ಬರ ಫೋನ್. "ಸಾರ್, ಚೀಟಿ ಬರ್ತಿಲ್ಲ, ಜನ ಕ್ಯೂ ನಿಂತವ್ರೆ." ಲಾಗ್ ನೋಡಿದರೆ ಒಂದೊಂದು ರಿಕ್ವೆಸ್ಟೂ ಸರಿಯಾಗಿ 30 ಸೆಕೆಂಡ್ ಕಾದು ಎರರ್. ಸಿಪಿಯು ಮಾತ್ರ ಆರಾಮಾಗಿದೆ. ಕಾರಣ ಸಿಗಲು ಎರಡು ದಿನ ಹಿಡಿಯಿತು. ಸಾಮಾನ್ಯ ಡೆಫ್ (ಪೈಥಾನ್‌ನಲ್ಲಿ ಫಂಕ್ಷನ್ ಬರೆಯುವ ಪದ) ಫಂಕ್ಷನ್‌ಗಳನ್ನು ಫಾಸ್ಟ್‌ಎಪಿಐ ಥ್ರೆಡ್ ಪೂಲ್‌ನಲ್ಲಿ, ಅಂದರೆ ಒಟ್ಟಿಗೆ ಕೆಲಸ ಮಾಡುವ ಎಳೆಗಳ ಗುಂಪಿನಲ್ಲಿ, ಓಡಿಸುತ್ತದೆ. ನಾವು ಏನೂ ಹೇಳದಿದ್ದರೆ, ಅಂದರೆ ಡೀಫಾಲ್ಟ್, 40 ಥ್ರೆಡ್. ಡೇಟಾಬೇಸ್ ಜೊತೆ ಮಾತಾಡಲು ನಾವು ಬಳಸುವ ಎಸ್‌ಕ್ಯೂಎಲ್‌ಆಲ್ಕೆಮಿ ಲೈಬ್ರರಿ ಡೀಫಾಲ್ಟಾಗಿ ಕೊಡುವುದು 5 ಕನೆಕ್ಷನ್, ಮೇಲೆ ಹೆಚ್ಚುವರಿ 10, ಒಟ್ಟು 15. ಅಂದು ಎಲ್ಲರೂ ಒಟ್ಟಿಗೆ ಬಟವಾಡೆ ರಿಪೋರ್ಟ್ ತೆಗೆದರು. ರಿಪೋರ್ಟ್‌ಗಳು ಕನೆಕ್ಷನ್ ಹಿಡಿದು ಕೂತವು. ಉಳಿದ 25 ಥ್ರೆಡ್ ಕಾಯುತ್ತಾ ನಿಂತವು, 30 ಸೆಕೆಂಡಿಗೆ ಕೈಬಿಟ್ಟವು. ಕನೆಕ್ಷನ್ ಸುಮ್ನೆ ಏರಿಸೋಣ ಅಂದರೆ ಅದಕ್ಕೂ ಮಿತಿ ಇದೆ. ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್ ಡೀಫಾಲ್ಟಾಗಿ ಬಿಡುವುದು 100, ನಮ್ಮದು ನಾಲ್ಕು ವರ್ಕರ್ (ಒಂದೇ ಸರ್ವೀಸಿನ ಬೇರೆ ಬೇರೆ ಪ್ರೋಸೆಸ್). ಕೊನೆಗೆ ಒಂದು ವರ್ಕರ್‌ಗೆ 15 ಥ್ರೆಡ್, 20 ಕನೆಕ್ಷನ್ ಅಂತ ಕಟ್ಟಿ, ರಿಪೋರ್ಟನ್ನು ಬೇರೆ ಪ್ರೋಸೆಸ್‌ಗೆ ತಳ್ಳಿದೆವು. ಅದಾದ ಮೇಲೆ ಈ ತೊಂದರೆ ಬಂದಿಲ್ಲ. ಇದರಲ್ಲಿ ಫ್ರೇಮ್‌ವರ್ಕ್ ಕೆಟ್ಟಿರಲಿಲ್ಲ. ಎರಡು ಡೀಫಾಲ್ಟ್‌ಗಳು ಒಂದಕ್ಕೊಂದು ಹೊಂದುತ್ತವಾ ಅಂತ ನಾವು ನೋಡಿರಲಿಲ್ಲ.

ಅಸಿಂಕ್ (ಒಂದು ಕೆಲಸ ಕಾಯುತ್ತಿರುವಾಗ ಇನ್ನೊಂದನ್ನು ಮಾಡುವ ರೀತಿ) ವಿಷಯದಲ್ಲೂ ಹೀಗೇ. ಎಸ್‌ಎಂಎಸ್ ಕಳಿಸುವ ಫಂಕ್ಷನ್‌ಗೆ ಅಸಿಂಕ್ ಡೆಫ್ ಅಂತ ಬರೆದು, ಒಳಗೆ ಉತ್ತರ ಬರುವವರೆಗೂ ಎಲ್ಲವನ್ನೂ ತಡೆದು ಕಾಯುವ ಮಾಮೂಲಿ ರಿಕ್ವೆಸ್ಟ್ಸ್ ಲೈಬ್ರರಿ ಬಳಸಿದ್ದೆವು. ಎಸ್‌ಎಂಎಸ್ ಕಡೆಯವರು ನಿಧಾನವಾದ ದಿನ ಆ ವರ್ಕರ್‌ನಲ್ಲಿ ಬೇರೆ ಎಲ್ಲವೂ ನಿಂತುಹೋಯಿತು. ಹೊಸಬರಿಗೆ ನಾನು ಹೇಳುವುದು ಇಷ್ಟೇ: ಒಳಗಿರುವುದೆಲ್ಲ ಅಸಿಂಕ್ ಅಂತ ಗೊತ್ತಿಲ್ಲದಿದ್ದರೆ ಬರೀ ಡೆಫ್ ಬರೆಯಿರಿ. ವೇಗ ಕಡಿಮೆಯಾಗುತ್ತೆ ಅಂತ ಹೆದರಬೇಡಿ. ನಮ್ಮಲ್ಲಿ ಜಾಸ್ತಿ ಹೊತ್ತು ಹೋಗುವುದು ಡೇಟಾಬೇಸ್‌ನಲ್ಲೇ.

ಇನ್ನು ಅಪ್‌ಗ್ರೇಡ್. 2023ರಲ್ಲಿ ಪೈಡಾಂಟಿಕ್ 2 ಬಂತು. ಅದರ ತಿರುಳನ್ನು ರಸ್ಟ್ ಭಾಷೆಯಲ್ಲಿ ಹೊಸದಾಗಿ ಬರೆದಿದ್ದರು. ಜುಲೈನಲ್ಲಿ ಬಂದ ಫಾಸ್ಟ್‌ಎಪಿಐ 0.100 ಹಳೆಯದನ್ನೂ ಹೊಸದನ್ನೂ ಒಪ್ಪುತ್ತಿತ್ತು. ಇದು ದೊಡ್ಡ ಉಪಕಾರ. ನಮಗೆ ಬೇಕಾದಾಗ ಬದಲಾಯಿಸಿಕೊಳ್ಳಲು ಸಮಯ ಸಿಕ್ಕಿತು. 2024ರಲ್ಲಿ ಟೆಸ್ಟ್ ಸರ್ವರ್‌ನಲ್ಲಿ ಬದಲಾಯಿಸಿದೆವು. ಅಲ್ಲಿ ಸಿಕ್ಕಿದ್ದು ಸದಸ್ಯರ ನಂಬರ್. ಮಾಡೆಲ್‌ನಲ್ಲಿ ಅದು ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು. ಹಳೇ ಆಪ್ ಮಾತ್ರ ಅದನ್ನು ಬರೀ ಸಂಖ್ಯೆಯಾಗಿ, 42 ಅಂತ ಕಳಿಸುತ್ತಿತ್ತು. ಹಳೆಯ ಪೈಡಾಂಟಿಕ್ ಮಾತಿಲ್ಲದೆ ಅದನ್ನು ಸ್ಟ್ರಿಂಗ್ ಮಾಡಿಕೊಳ್ಳುತ್ತಿತ್ತು. ಹೊಸದು 422 ಅಂತ ವಾಪಸ್ ಕಳಿಸಿತು. ಡೀಫಾಲ್ಟ್ ಬರೆಯದ ಆಪ್ಷನಲ್ ಫೀಲ್ಡ್‌ಗಳೂ ಕಡ್ಡಾಯವಾಗಿಬಿಟ್ಟವು. ಫೋನ್ ಹಳೆಯದಾದ ಕಡೆ ಆಪ್ ಅಪ್‌ಡೇಟ್ ಮಾಡಿಸುವುದು ಸುಲಭವಲ್ಲ ಅಲ್ವಾ, ಅದಕ್ಕೆ ಸರ್ವರ್‌ನಲ್ಲೇ ಪರಿವರ್ತನೆ ಬರೆದೆವು. ಹಿಂದಿನ ವಾರದ ನಿಜವಾದ ರಿಕ್ವೆಸ್ಟ್‌ಗಳನ್ನು ಉಳಿಸಿಟ್ಟುಕೊಂಡು ಟೆಸ್ಟ್ ಸರ್ವರ್‌ಗೆ ಮತ್ತೆ ಓಡಿಸಿದ್ದರಿಂದ ಇದೆಲ್ಲ ಮೊದಲೇ ಸಿಕ್ಕಿತು. ಯೂನಿಟ್ ಟೆಸ್ಟ್ ಒಂದರಲ್ಲೂ ಸಿಕ್ಕಿರಲಿಲ್ಲ.

ಪೈಥಾನ್‌ನ ಇನ್ನೊಂದು ಫ್ರೇಮ್‌ವರ್ಕ್ ಜಾಂಗೋ ತರಹ ಅಡ್ಮಿನ್ ಪೇಜ್, ಒಆರ್‌ಎಂ (ಡೇಟಾಬೇಸನ್ನು ಕೋಡಿನಿಂದಲೇ ಬಳಸುವ ಪದರ) ಯಾವುದೂ ಫಾಸ್ಟ್‌ಎಪಿಐ ಜೊತೆಗೆ ಬರುವುದಿಲ್ಲ. ಇದರ ಬ್ಯಾಕ್‌ಗ್ರೌಂಡ್ ಟಾಸ್ಕ್ (ಉತ್ತರ ಕೊಟ್ಟ ಮೇಲೆ ಹಿಂದೆ ಮಾಡುವ ಕೆಲಸ) ಅದೇ ಪ್ರೋಸೆಸ್‌ನಲ್ಲಿ ಓಡುತ್ತದೆ, ರೀಸ್ಟಾರ್ಟ್ ಮಾಡಿದರೆ ಬಾಕಿ ಕೆಲಸ ಹೋಯಿತು. ದುಡ್ಡಿಗೆ ಸಂಬಂಧಿಸಿದ್ದನ್ನು ಅದರಲ್ಲಿ ಇಡಬೇಡಿ. ಅಂಥ ಕೆಲಸಕ್ಕೆ ನಾವು ಸೆಲರಿ ಎನ್ನುವ ಬೇರೆ ಸಾಫ್ಟ್‌ವೇರ್ ಹಾಕಿಕೊಂಡಿದ್ದೇವೆ.

ಪ್ರೊಡಕ್ಷನ್‌ಗೆ ಆಗುತ್ತಾ ಅಂತ ಕೇಳಿದರೆ, ಆಗುತ್ತೆ ಅಂತ ಮನಸ್ಸಿಟ್ಟು ಹೇಳುತ್ತೇನೆ. ಆದರೆ ಲಾಗ್ ನೋಡುವ, ಬಿಡುಗಡೆಯ ಟಿಪ್ಪಣಿ ಓದುವ ಒಬ್ಬರಾದರೂ ತಂಡದಲ್ಲಿ ಇರಬೇಕು. ಒಬ್ಬರೂ ಇಲ್ಲದ ಕಡೆ ಜಾಂಗೋ ಒಳ್ಳೆಯದು. ಸೊನ್ನೆಯ ನಂಬರ್ ನನಗೆ ಈಗ ಹೆದರಿಕೆ ಹುಟ್ಟಿಸುವುದಿಲ್ಲ. ವರ್ಷನ್ನಿನ ನಡುವಿನ ಅಂಕಿ ಬದಲಾದರೆ ಹಳೇ ಕೋಡ್ ಮುರಿಯಬಹುದು, ವರ್ಷನ್ ತಾನಾಗಿ ಬದಲಾಗದಂತೆ ಕಟ್ಟಿ ಇಡಿ ಅಂತ ಅವರ ಡಾಕ್ಯುಮೆಂಟ್‌ನಲ್ಲೇ ಬರೆದಿದ್ದಾರೆ.

ಈಗ ಪಶು ಆಹಾರ ಮಾರಾಟದ ಲೆಕ್ಕಕ್ಕೆ ಎರಡನೇ ಸರ್ವೀಸ್ ಶುರು ಮಾಡಿದ್ದೇವೆ. ಅದೂ ಫಾಸ್ಟ್‌ಎಪಿಐನಲ್ಲೇ. ಮೊದಲ ಕಮಿಟ್‌ನಲ್ಲೇ ವರ್ಷನ್ ಕಟ್ಟಿದೆ, ಥ್ರೆಡ್ ಎಷ್ಟು, ಕನೆಕ್ಷನ್ ಎಷ್ಟು ಅಂತ ಬರೆದಿದೆ. ಬಟವಾಡೆ ದಿನ ಮಾತ್ರ ಅಪ್‌ಡೇಟ್ ಹಾಕುವುದಿಲ್ಲ.