ಭೈರಪ್ಪನವರ ಕಪಾಟು: ಕಲಬುರಗಿಯ ಒಂದು ಪುಸ್ತಕದಂಗಡಿ

ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿಯ ಈ ಪುಸ್ತಕದಂಗಡಿಯಲ್ಲಿ ಎಸ್. ಎಲ್. ಭೈರಪ್ಪನವರ ಕಾದಂಬರಿಗಳನ್ನು ಪ್ರಕಟಣೆಯ ವರ್ಷಕ್ಕನುಗುಣವಾಗಿ ಜೋಡಿಸಿಟ್ಟಿದ್ದಾರೆ. 1965ರ ‘ವಂಶವೃಕ್ಷ’ದಿಂದ 2017ರ ‘ಉತ್ತರಕಾಂಡ’ದವರೆಗೆ ಲೇಖಕರು ನಡೆದ ದಾರಿ ನಿಂತಲ್ಲೇ ಕಾಣುತ್ತದೆ. ಆದರೆ ಒಂದು ಕಥೆ ಇನ್ನೊಂದರ ಮುಂದುವರಿಕೆಯಲ್ಲವಾದ್ದರಿಂದ ಹೊಸ ಓದುಗರು ಆ ಸಾಲನ್ನೇ ಅನುಸರಿಸಬೇಕಿಲ್ಲ. ಮಹಾಭಾರತದ ಪಾತ್ರಗಳನ್ನು ಬರಿಯ ಮನುಷ್ಯರಾಗಿ ನೋಡುವ, ಅವರವರ ನೆನಪುಗಳಲ್ಲಿಯೇ ಹರಡಿಕೊಳ್ಳುವ ‘ಪರ್ವ’ವನ್ನು (1979) ಮೊದಲಿಗೇ ಕೈಗೆತ್ತಿಕೊಂಡವರು ಅರ್ಧಕ್ಕೆ ನಿಲ್ಲಿಸುವುದುಂಟು. ಹಾಗಾಗಿ ಬಡತನ, ಪ್ಲೇಗು ಮತ್ತು ನಂಜಮ್ಮನ ಛಲವನ್ನು ನೇರವಾಗಿ ಹೇಳುವ ‘ಗೃಹಭಂಗ’ದಿಂದ (1970) ಆರಂಭಿಸಿ, ‘ವಂಶವೃಕ್ಷ’ವನ್ನು ಮುಗಿಸಿ, ಅನಂತರವೇ ‘ಪರ್ವ’ಕ್ಕೆ ಬರುವುದು ಲೇಸೆಂದು ನನ್ನ ಅಭಿಪ್ರಾಯ. ಅಂಗಡಿಯವರೂ ಕೇಳಿದವರಿಗೆ ತಾಳ್ಮೆಯಿಂದ ಇಂಥ ಸಲಹೆ ಕೊಡುತ್ತಾರೆ. ರಿಯಾಯಿತಿಯನ್ನು ಮಾತ್ರ ಎಷ್ಟು ಕೇಳಿದರೂ ಕೊಡುವುದಿಲ್ಲ.